ವ್ಯಾನು ಬೇಡವೆಂದ ಗೇರಕ್ಕ

ಊರಿನಲ್ಲಿ ಆಸ್ಪತ್ರೆ ಇರಲಿಲ್ಲ ಎಂದಲ್ಲ. ಜ್ವರಕ್ಕೆ ಮಾತ್ರೆ, ಗಾಯಕ್ಕೆ ಹೊಲಿಗೆ, ಹೆರಿಗೆಗೆ ಮಂಚ, ಇಷ್ಟಕ್ಕೆಲ್ಲ ಅಲ್ಲಿ ಕೊರತೆಯಿರಲಿಲ್ಲ. ಕಿಡ್ನಿ ಕೈಕೊಟ್ಟವರು ಮಾತ್ರ ವಾರಕ್ಕೆ ಮೂರು ದಿನ ನದಿಯಾಚೆಯ ದೊಡ್ಡ ಊರಿಗೆ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಅರ್ಧ ದಿನ ಮಲಗಿ, ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು. ಅವರನ್ನು ತನ್ನ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದವಳು ಗೇರಕ್ಕ.

ಆ ಹೆಸರಿಟ್ಟವನು ಹಿಂದಿನ ಸೀಟಿನ ಬೇಕರಿಯವನು. ಏರು ಬಂದಾಗಲೆಲ್ಲ ಅವಳು ಗೇರಿನ ಜೊತೆ ಜಗಳವಾಡುತ್ತಿದ್ದಳು. ಆ ವ್ಯಾನೂ ಅಂಥದ್ದೇ. ಬೈದರೆ ಮಾತ್ರ ಹತ್ತುತ್ತಿತ್ತು. ಅವಳ ಗಂಡ ಮೆಕ್ಯಾನಿಕ್ಕು. "ಊರಿನವರ ಗಾಡಿಯೆಲ್ಲ ರಿಪೇರಿ ಮಾಡ್ತೀಯ, ನನ್ನದು ಬಿಟ್ಟು," ಎಂದು ಅವಳು ಅಂದರೆ, "ಅದನ್ನ ಸರಿ ಮಾಡಿದ್ರೆ ನೀನು ನನ್ನನ್ನ ಬಯ್ಯೋಕೆ ಶುರು ಮಾಡ್ತೀಯ," ಎನ್ನುತ್ತಿದ್ದ.

ಮುಂದಿನ ಸೀಟು ಗುಮಾಸ್ತರದ್ದು. ಕೋರ್ಟಿನಲ್ಲಿ ಜನ್ಮವೆಲ್ಲ ಅರ್ಜಿ ಟೈಪು ಮಾಡಿ ನಿವೃತ್ತರಾದವರು. ಡಾಕ್ಟರು ಹಾಕಿದ ಮಿತಿಯಂತೆ ಬಾಟಲಿಯ ಮುಚ್ಚಳದಲ್ಲಿ ನೀರು ಅಳೆದು ಕುಡಿಯುತ್ತ, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನಮಗೆ ಉಪ್ಪೂ ಇಲ್ಲ, ನೀರೂ ಇಲ್ಲ. ಏನು ತಪ್ಪು ಮಾಡಿದ್ವೋ ಅದೂ ಗೊತ್ತಿಲ್ಲ," ಎಂದು ನಗುತ್ತಿದ್ದರು. ಅವರ ಹಿಂದೆ ಟೈಲರಮ್ಮ. ಇನ್ನೂ ಚಿಕ್ಕ ವಯಸ್ಸು. ಹೋಗುವಾಗ ಗುಂಡಿ ಹೊಲಿಯುತ್ತಿದ್ದಳು, ಬರುವಾಗ ತಲೆಯನ್ನು ಕಿಟಕಿಗೆ ಆನಿಸಿ, ವಾಂತಿ ಬಂದರೆ ಇರಲಿ ಎಂದು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರುತ್ತಿದ್ದಳು.

ಒಂದು ಮಳೆಗಾಲದ ಬೆಳಿಗ್ಗೆ ಸೇತುವೆಯ ಹತ್ತಿರ ಪೊಲೀಸರು ವ್ಯಾನು ತಡೆದರು. ಕಂಬವೊಂದು ಕುಸಿದಿತ್ತು. ಸುತ್ತು ದಾರಿಯೂ ನೀರಿನಡಿ. ಗೇರಕ್ಕ ಇಳಿದುಹೋಗಿ ಬೇಡಿಕೊಂಡಳು, ಆಮೇಲೆ ಕೂಗಾಡಿದಳು. ಪೊಲೀಸಿನವನು, "ನಾನೇನು ಮಾಡ್ಲಿ ಅಕ್ಕ, ಸೇತುವೆ ನನ್ನ ಮಾತು ಕೇಳಲ್ಲ," ಎಂದ. ವಾಪಸು ತಿರುಗಿಸುವಾಗ ಬೇಕರಿಯವನು, "ಇರ್ಲಿ ಬಿಡಕ್ಕ, ನೀರು ಇಳಿದ ಮೇಲೆ ಹೋಗೋಣ," ಎಂದು ಅವಳನ್ನೇ ಸಮಾಧಾನ ಮಾಡಿದ.

ನೀರು ಇಳಿಯುವಷ್ಟರಲ್ಲಿ ಅವನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಊರಿನ ಆಸ್ಪತ್ರೆಯ ಡಾಕ್ಟರು ಆಮ್ಲಜನಕ ಹಾಕಿದರು, ಸೂಜಿ ಕೊಟ್ಟರು. ಬೇಕಿದ್ದದ್ದು ಯಂತ್ರ. ಅವನು ಉಳಿಯಲಿಲ್ಲ.

ಮುಂದಿನ ಸಲ ವ್ಯಾನು ಹೊರಟಾಗ ಹಿಂದಿನ ಸೀಟು ಖಾಲಿಯಿತ್ತು. ಸುತ್ತು ದಾರಿಯಲ್ಲಿ ನದಿ ದಾಟಿದ ಮೇಲೆ ಗುಮಾಸ್ತರು ಮಾತು ತೆಗೆದರು. "ನಾನು ಡಾಕ್ಟರನ್ನ ಕೇಳಿದೆ. ನಮ್ಮೂರಿನಷ್ಟು ಚಿಕ್ಕ ಊರಿಗೆ ಯಂತ್ರ ಕೊಡಬೇಕು ಅಂತ ದೇಶದ ಆರೋಗ್ಯ ನೀತಿಯಲ್ಲೇ ಇಲ್ವಂತೆ. ನೀತಿಯಲ್ಲಿ ಇಲ್ಲದ್ದಕ್ಕೆ ಬಜೆಟ್ಟಲ್ಲಿ ದುಡ್ಡಿಲ್ಲ. ಇಲ್ಲಿ ಯಾರ ಕಾಲು ಹಿಡಿದ್ರೂ ಪ್ರಯೋಜನ ಇಲ್ಲ. ರಾಜಧಾನಿಗೇ ಹೋಗ್ಬೇಕು."

"ಯಾರು ಹೋಗೋದು?" ಎಂದಳು ಟೈಲರಮ್ಮ. "ನಾವು ಕಟ್ಟಿಹಾಕಿದ ದನ ಇದ್ದಂಗೆ. ಹಗ್ಗ ಇದ್ದಷ್ಟೇ ದೂರ."

ಗೇರಕ್ಕ ಅವತ್ತು ದೊಡ್ಡ ಊರಿನ ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ವ್ಯಾನು ನಿಲ್ಲಿಸಿ, ಅಲ್ಲೇ ಕಾಯುತ್ತಿದ್ದ ಬೇರೆ ಊರಿನ ಡ್ರೈವರುಗಳ ಹತ್ತಿರ ಹೋದಳು. ಎಲ್ಲರೂ ಅವಳ ಹಾಗೆಯೇ ಡಯಾಲಿಸಿಸ್‌ನವರನ್ನು ತಂದವರು. ಇಸ್ಪೀಟಾಡುತ್ತ, ನಿದ್ದೆ ಹೊಡೆಯುತ್ತ ಹೊತ್ತು ಕಳೆಯುವವರು. ಅವರಿಗೆ ಬೇಕರಿಯವನ ಸಂಗತಿ ಹೇಳಿದಳು. ಒಬ್ಬೊಬ್ಬರ ವ್ಯಾನಿನಲ್ಲೂ ಅಂಥದೊಂದು ಖಾಲಿ ಸೀಟಿತ್ತು. ಚಿಕ್ಕ ಊರುಗಳಿಗೂ ಯಂತ್ರ ಕೊಡಿ ಎಂದು ಗುಮಾಸ್ತರು ಬರೆದ ಮನವಿ ಆ ಮೈದಾನದಿಂದ ವ್ಯಾನು ಹತ್ತಿ ಊರೂರಿಗೆ ಹೋಯಿತು. ಅಲ್ಲಿನ ಡ್ರೈವರುಗಳಿಗೆ ಇನ್ನೆಲ್ಲೋ ನೆಂಟರು, ಗೆಳೆಯರು. ವರ್ಷ ತಿರುಗುವುದರೊಳಗೆ ದೇಶದ ಆ ತುದಿಯಿಂದಲೂ ಸಹಿಗಳು ಬರತೊಡಗಿದವು. ಗುಮಾಸ್ತರು ಅದಕ್ಕೊಂದು ಸಂಘ ಮಾಡಿದರು, ನಿಯಮ ಬರೆದರು, ಸಂಸತ್ತಿನ ಆರೋಗ್ಯ ಸಮಿತಿಗೆ ಬಿಡದೆ ಪತ್ರ ಹಾಕಿದರು. ಕೊನೆಗೊಮ್ಮೆ, ಬಂದು ಅಹವಾಲು ಹೇಳಿ ಎಂದು ಕರೆ ಬಂತು.

ಆ ದಿನ ಗುಮಾಸ್ತರಿಗೂ ಟೈಲರಮ್ಮನಿಗೂ ಡಯಾಲಿಸಿಸ್ ಸರದಿ. ದಿನ ಬದಲಿಸಲು ಸಮಿತಿ ಒಪ್ಪಲಿಲ್ಲ.

"ನೀನೇ ಹೋಗಮ್ಮ," ಎಂದರು ಗುಮಾಸ್ತರು.

"ನಾನಾ? ನನಗೆ ಬರೋ ಭಾಷೆ ಹಾರನ್ ಒಂದೇ."

"ಅದೂ ಬೇಕಾಗಬಹುದು."

ಬೇರೆ ಊರಿನ ಒಬ್ಬ ಡ್ರೈವರನನ್ನು ವ್ಯಾನಿಗೆ ಗೊತ್ತುಮಾಡಿ ಗೇರಕ್ಕ ರೈಲು ಹತ್ತಿದಳು. ಸಮಿತಿಯ ಕೋಣೆಯಲ್ಲಿ ಉದ್ದ ಮೇಜು, ಪ್ರತಿ ಕುರ್ಚಿಯೆದುರಿಗೂ ಮೈಕು. ಅಧ್ಯಕ್ಷೆ ಬಿಳಿಗೂದಲಿನ ಹೆಂಗಸು, ಒಂದು ಕಾಲದಲ್ಲಿ ಡಾಕ್ಟರಾಗಿದ್ದವರು. ಗುಮಾಸ್ತರು ಬರೆದುಕೊಟ್ಟದ್ದನ್ನು ಗೇರಕ್ಕ ಎಡವದೆ ಓದಿದಳು. ಹಣಕಾಸು ಇಲಾಖೆಯ ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, "ಇದಕ್ಕೆ ಸುಲಭದ ದಾರಿ ಇದೆ," ಎಂದರು. "ಊರೂರಿಗೆ ಯಂತ್ರ ಕೊಡೋ ಬದಲು ಊರೂರಿಗೆ ವ್ಯಾನು ಕೊಡೋಣ. ರೋಗಿಗಳಿಗೆ ಪ್ರಯಾಣ ಉಚಿತ. ಈಗ ಓಡಿಸ್ತಿರೋರಿಗೇ ಗುತ್ತಿಗೆ. ನಿಮಗೂ ಅನುಕೂಲ ಅಲ್ವಾ?"

ಗುಮಾಸ್ತರ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸರ್ಕಾರಿ ಗುತ್ತಿಗೆ ಎಂದರೆ ಹೊಸ ಗಾಡಿ, ತಿಂಗಳು ತಿಂಗಳು ತಪ್ಪದ ಆದಾಯ. ಗಂಡ ಬಹಳ ದಿನದಿಂದ ಕಾಣುತ್ತಿದ್ದ ಕನಸು ಅದು. ಗೇರಕ್ಕ ಒಂದು ಗುಟುಕು ನೀರು ಕುಡಿದಳು.

"ನನಗೆ ಅನುಕೂಲ ಸಾರ್. ಅವರಿಗಲ್ಲ," ಎಂದಳು. "ವ್ಯಾನು ಎಷ್ಟೇ ಹೊಸದಾದ್ರೂ ಸೇತುವೆ ಮೇಲೇ ಹೋಗ್ಬೇಕು. ಸೇತುವೆ ಬಿದ್ದ ದಿನ ನಾನೇ ಗಾಡಿ ತಿರುಗಿಸಿಕೊಂಡು ಬಂದೆ. ಹಿಂದಿನ ಸೀಟಲ್ಲಿ ಕೂತಿದ್ದೋನು ಆಮೇಲೆ ಬದುಕಲಿಲ್ಲ. ಸೇತುವೆ ಗಟ್ಟಿ ಇದ್ದ ದಿನಾನೂ, ಮೆಷಿನ್ನಿಂದ ಎದ್ದೋರು ಆ ರಸ್ತೇಲಿ ಹೇಗೆ ಬರ್ತಾರೆ ಅಂತ ಕನ್ನಡೀಲಿ ನಾನು ನೋಡ್ತೀನಿ. ವ್ಯಾನು ಬೇಡ ಸಾರ್. ಯಂತ್ರ ಕೊಡಿ."

ಅಧಿಕಾರಿ ಸಿಟ್ಟಾಗಲಿಲ್ಲ. "ಯಂತ್ರ ಕೊಳ್ಳೋದು ದೊಡ್ಡ ಕೆಲಸ ಅಲ್ಲಮ್ಮ. ಅದನ್ನ ನಡೆಸೋ ನರ್ಸುಗಳೆಲ್ಲಿ? ಇಲ್ಲದೋರನ್ನ ನಾನು ಎಲ್ಲಿಂದ ತರಲಿ?"

"ಗೊತ್ತಿಲ್ಲ ಸಾರ್," ಎಂದಳು. ಅಧ್ಯಕ್ಷೆ ಇಬ್ಬರ ಮಾತನ್ನೂ ಬರೆದುಕೊಂಡರು.

ಊರಿಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಸ್ಪ್ಯಾನರು ಒರೆಸುತ್ತ ಕೇಳಿಸಿಕೊಂಡು, "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ," ಎಂದ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಯಾರೂ ಹೇಳದೆ ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಿ ಕೂತ.

ಮುಂದಿನ ಬಜೆಟ್ಟಿನಲ್ಲಿ ಯಂತ್ರಗಳಿಗೆ ಹಣ ಬಂತು, ಆದರೆ ಅರ್ಧ ಊರುಗಳಿಗೆ ಮಾತ್ರ. ಉಳಿದವಕ್ಕೆ ಸದ್ಯಕ್ಕೆ ವ್ಯಾನಂತೆ. ಅವರ ಊರು ಮೊದಲ ಅರ್ಧದಲ್ಲಿತ್ತು. ಗೇರಕ್ಕನಿಗೆ ಸಮಾಧಾನವಾಗಲಿಲ್ಲ. "ಇದು ಮೂಗಿಗೆ ತುಪ್ಪ ಸವರೋದು. ಒಪ್ಕೋಬಾರದು," ಎಂದಳು. ಗುಮಾಸ್ತರು ಆಗ ಹಾಸಿಗೆಯಲ್ಲೇ ಹೆಚ್ಚು ಇರುತ್ತಿದ್ದರು. ದಿಂಬಿಗೆ ಒರಗಿ ಹೇಳಿದರು: "ಕೋರ್ಟಲ್ಲಿ ನೋಡಿದೀನಮ್ಮ. ಅರ್ಧ ತೀರ್ಪು ನಮ್ಮ ಕಡೆ ಬಂದ್ರೆ ಮೊದಲು ಅದನ್ನ ಕೈಗೆ ತಗೋಬೇಕು. ಮೇಲ್ಮನವಿ ಆಮೇಲೆ. ಎಲ್ಲಾ ಬೇಕು ಅಂದೋರು ಬರಿಗೈಲಿ ಹೋಗಿದ್ದೇ ಜಾಸ್ತಿ."

ಯಂತ್ರಗಳು ಬಂದವು. ಊರಿನ ಆಸ್ಪತ್ರೆಯ ಹೊಸ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ, ಸಾಲಾಗಿ ನಿಂತವು. ನಡೆಸುವವರೇ ಬರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ವ್ಯಾನು ಮತ್ತೆ, ರಿಪೇರಿಯಾಗಿದ್ದ ಅದೇ ಸೇತುವೆ ದಾಟುತ್ತಿತ್ತು. ಆ ಚಳಿಗಾಲದಲ್ಲಿ ಗುಮಾಸ್ತರು ತೀರಿಕೊಂಡರು. ಅವರ ಮನೆಯಿಂದ ಕೂಗಳತೆಯಲ್ಲಿ ಯಂತ್ರಗಳಿದ್ದವು. ಅಂತ್ಯಸಂಸ್ಕಾರ ಮುಗಿದು ಎಲ್ಲರೂ ಹೋದ ಮೇಲೂ ಗೇರಕ್ಕ ಅವರ ಬಾಗಿಲಲ್ಲಿ ಬಹಳ ಹೊತ್ತು ಕೂತಿದ್ದಳು. ಅವರ ಹೆಂಡತಿಯೇ ಹೊರಬಂದು ಚಹಾ ಕೊಟ್ಟು, "ನೀನು ಇನ್ನೊಂದು ಸಲ ಹೋಗಿ ಬಾ," ಎಂದರು.

ಎರಡನೆಯ ಸಲ ಅವಳು ಹಾಳೆ ಒಯ್ಯಲಿಲ್ಲ. ಮೇಜಿನಾಚೆ ಅದೇ ಅಧಿಕಾರಿ. "ನಾನು ಅವತ್ತೇ ಹೇಳಿದ್ದೆ," ಎಂದರು.

"ಹೇಳಿದ್ರಿ ಸಾರ್. ಅದಕ್ಕೇ ಈ ಸಲ ಅದನ್ನೇ ಕೇಳೋಕೆ ಬಂದಿದೀನಿ. ಚಿಕ್ಕ ಊರುಗಳ ನರ್ಸುಗಳಿಗೆ ತರಬೇತಿ ಕೊಡಿ. ಕಲಿಯೋ ತನಕ ಅವರ ಸಂಬಳ ನಿಲ್ಲಿಸಬೇಡಿ. ನಮ್ಮೂರಲ್ಲೇ ಮೂರು ಜನ ತಯಾರಿದಾರೆ, ಕೇಳಿಕೊಂಡೇ ಬಂದೆ."

ಅಧಿಕಾರಿ ಅಧ್ಯಕ್ಷೆಯ ಕಡೆ ನೋಡಿ, "ಇದನ್ನ ಮಾಡಬಹುದು," ಎಂದರು. ಮಾಡಿದರು ಕೂಡ, ಆದರೆ ಸರ್ಕಾರದ ನಡಿಗೆಯಲ್ಲಿ. ನರ್ಸುಗಳು ಕಲಿತು ಬರುವಷ್ಟರಲ್ಲಿ ಮತ್ತೊಂದು ಮಳೆಗಾಲ ಕಳೆದಿತ್ತು.

ಕೋಣೆ ತೆರೆದ ದಿನ ಟೈಲರಮ್ಮ ಬೆಳಿಗ್ಗೆ ನಡೆದುಕೊಂಡೇ ಹೋದಳು. ಮುಗಿದ ಮೇಲೆ ಮನೆಗೆ ಹೋಗಿ ಮಲಗಿ, ಸಂಜೆ ಅಂಗಡಿ ತೆರೆದಳು. ಗೇರಕ್ಕನ ವ್ಯಾನು ಒಂದು ತಿಂಗಳು ಮನೆಯೆದುರು ನಿಂತಿತ್ತು. ಆ ತಿಂಗಳು ಕಷ್ಟವೇ ಆಯಿತು. ಗಂಡ ಇಬ್ಬರ ಕೆಲಸ ಒಬ್ಬನೇ ಮಾಡಿದ, ಆಡಿ ತೋರಿಸಲಿಲ್ಲ. ಆಮೇಲೆ ನೂಲಿನ ಫ್ಯಾಕ್ಟರಿಯವರು ಶಿಫ್ಟಿನ ಹೆಂಗಸರನ್ನು ಕರೆತರಲು ಗೊತ್ತುಮಾಡಿಕೊಂಡರು. ಮೊದಲಿನಷ್ಟು ಗಿಟ್ಟುವುದಿಲ್ಲ, ಸಂಸಾರ ನಿಲ್ಲುವುದೂ ಇಲ್ಲ.

ಸಂಘದವರು ರೋಗಿಗಳೇ ಇರಬೇಕೆಂಬ ನಿಯಮ ತಿದ್ದಿ, ಗೇರಕ್ಕನನ್ನೇ ಕಾರ್ಯದರ್ಶಿ ಮಾಡಿದ್ದಾರೆ. ಉಳಿದರ್ಧ ಊರುಗಳ ಮೇಲ್ಮನವಿ ಈಗ ಅವಳದ್ದು. ಮೊನ್ನೆ ದೂರದ ಊರಿನ ಡ್ರೈವರನೊಬ್ಬ ಫೋನು ಮಾಡಿದ್ದ. ಸರ್ಕಾರದ ವ್ಯಾನಿನ ಗುತ್ತಿಗೆ ಸಿಕ್ಕವನು.

"ಅಕ್ಕ, ನಮ್ಮೂರಿಗೂ ಮೆಷಿನ್ ಬಂದ್ಬಿಟ್ರೆ ನನ್ನ ಗತಿ ಏನು?"

"ಸ್ವಲ್ಪ ದಿನ ಕಷ್ಟ ಆಗುತ್ತಪ್ಪ. ಆಗಲ್ಲ ಅಂತ ಸುಳ್ಳು ಹೇಳಲ್ಲ. ನಿನ್ನ ಗಾಡೀಲಿ ಈಗ ಎಷ್ಟು ಜನ ಬರ್ತಾರೆ?"

"ಒಂಬತ್ತು. ಹೋದ ತಿಂಗಳು ಹತ್ತು ಜನ ಇದ್ರು."

ಆಮೇಲೆ ಅವನೇ, ಮನವಿಗೆ ರೋಗಿಗಳದ್ದು ಮಾತ್ರ ಸಹಿ ಸಾಕೋ ಡ್ರೈವರದ್ದೂ ಬೇಕೋ ಎಂದು ಕೇಳಿದ.