ತವನಪ್ಪ ಮಾಸ್ತರರು ಹಾಕಿದ ಪೋಲ್

ಬೋರಗಾಂವದ ತವನಪ್ಪ ಮಾಸ್ತರರು ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು. ಅವರ ತರಗತಿಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಮಕ್ಕಳು ಕೈ ಎತ್ತಬೇಕಿತ್ತು. ಮಾನಿಟರ್ ಯಾರಾಗಬೇಕು, ಶನಿವಾರ ಕಬಡ್ಡಿಯೋ ಖೋ ಖೋಯೋ, ಪ್ರವಾಸಕ್ಕೆ ಯಡೂರಿನ ಹೊಳೆದಂಡೆಗೆ ಹೋಗುವುದೋ ಬೇರೆಲ್ಲಿಗೋ, ಎಲ್ಲಕ್ಕೂ ಕೈ ಎತ್ತಿಸಿ, ಎಣಿಸಿ, ಬೋರ್ಡಿನ ಮೇಲೆ ಬರೆದು, "ಇನ್ನ ಯಾರೂ ಮಾರಿ ಗಂಟ ಹಾಕೂಹಂಗಿಲ್ಲ" ಎನ್ನುತ್ತಿದ್ದರು. ಊರಿನ ಎಷ್ಟೋ ಮಂದಿ ಇಂದಿಗೂ ಆ ಮಾತನ್ನು ನೆನೆದು ನಗುತ್ತಾರೆ.

ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗುವುದು ಕಷ್ಟವಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರ ಹಳೆಯ ವಿದ್ಯಾರ್ಥಿ ಜಿನೇಂದ್ರ ಇಂಟರ್‌ನೆಟ್ಟಿನಲ್ಲಿ 'ಬೋರಗಾಂವ ಕಟ್ಟಿ' ಎಂಬ ಚರ್ಚಾ ವೇದಿಕೆ ತೆರೆದಿದ್ದ. ನಳದ ನೀರು ಯಾವಾಗ ಬರುತ್ತದೆ, ಯಾರ ಎಮ್ಮೆ ಕಳೆದಿದೆ, ಯಾರು ತೀರಿಕೊಂಡರು, ಮಣ್ಣು ಯಾವಾಗ, ಎಲ್ಲವೂ ಅಲ್ಲಿ ಬರುತ್ತಿತ್ತು. ಊರು ಬಿಟ್ಟು ಪುಣೆ, ಕೊಲ್ಹಾಪುರ, ಮುಂಬೈ ಸೇರಿದವರೂ ಅದರ ಸದಸ್ಯರು. ಜಿನೇಂದ್ರ ಮಾಸ್ತರರ ಫೋನಿನಲ್ಲೂ ಅದನ್ನು ಹಾಕಿಕೊಟ್ಟ. ಮೊದಮೊದಲು ಅವರು ಅಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ: ಬೇರೆಯವರ ಕಾಗುಣಿತ ತಿದ್ದುವುದು.

ಅವರ ಮನೆಗೂ ಕಾಸಿಮಸಾಬನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ನಾಲ್ಕು ಪವರ್‌ಲೂಮ್. ನಸುಕಿನಲ್ಲಿ ಶುರುವಾದರೆ ರಾತ್ರಿ ಊಟದ ಹೊತ್ತಿನವರೆಗೂ ಖಟಖಟ ನಿಲ್ಲುತ್ತಿರಲಿಲ್ಲ. ಕಾಸಿಮಸಾಬ ಮಗ್ಗ ನೋಡಿಕೊಂಡರೆ ಅವನ ಹೆಂಡತಿ ಚಮನಬಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಚಲಕರಂಜಿಯ ಸಾವಕಾರ ನೂಲು ಕಳಿಸುತ್ತಿದ್ದ, ಹೇಳಿದ ದಿನಕ್ಕೆ ಬಟ್ಟೆ ಮುಟ್ಟಿಸಬೇಕಿತ್ತು. ಆ ಓಣಿಯಲ್ಲಿ ಇಂಥ ಮನೆಗಳು ಹನ್ನೊಂದು. ಮಾಸ್ತರರಿಗೆ ಆ ಸಪ್ಪಳ ಸಪ್ಪಳವೆಂದೇ ಅನಿಸುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಒಂದು ದಿನ ಎದುರುಮನೆಯ ಅಕ್ಕುತಾಯಿ ಬಂದಳು. ಅವಳ ಮಗಳು ಹತ್ತನೆಯ ತರಗತಿ.

"ಮಾಸ್ತರ, ನಮ್ಮ ಹುಡುಗಿ ಕಿವ್ಯಾಗ ಹತ್ತಿ ತುರುಕೊಂಡ ಓದಾಕತ್ತಾಳ. ಪರೀಕ್ಷಾ ಮುಗಿಯೂತನಕ ಸಂಜಿಮುಂದ ಎರಡ ತಾಸ ಮಗ್ಗ ಬಂದ ಇಟ್ರ ಭಾಳ ಚಲೋ ಆಕ್ಕೈತಿ. ಕಾಸಿಮಸಾಬಗ ನೀವರ ಒಂದ ಮಾತ ಹೇಳ್ರಿ."

"ಒಬ್ಬಾಂವಗ ಹೇಳಿದ್ರ ನನಗ ಯಾಕ ಹೇಳಿದ್ರಿ ಅಂತಾನ ಬೇ. ಹನ್ನೊಂದ ಮನಿ ಅದಾವು. ನಾ ಹೇಳೂದ ಬ್ಯಾಡ, ಊರ ಹೇಳ್ಲಿ" ಎಂದರು ಮಾಸ್ತರರು.

ಅವರ ಹೆಂಡತಿ ಕಾಶಿಬಾಯಿ ಒಳಗಿನಿಂದಲೇ, "ಹತ್ತ ಹೆಜ್ಜಿ ಹೋಗಿ ಹೇಳಿ ಬರೂದಕ್ಕ ಊರ ಯಾಕ ಬೇಕ್ರಿ?" ಎಂದಳು. ಮಾಸ್ತರರು ಆಗಲೇ ಫೋನು ಕೈಗೆತ್ತಿಕೊಂಡಿದ್ದರು. ವೇದಿಕೆಯಲ್ಲಿ ಪೋಲ್ ಹಾಕುವುದನ್ನು, ಅಂದರೆ ಪ್ರಶ್ನೆ ಕೇಳಿ ಮತ ಹಾಕಿಸುವುದನ್ನು, ಜಿನೇಂದ್ರನಿಂದ ಆ ವಾರವೇ ಕಲಿತಿದ್ದರು. ಹಾಕಿ ನೋಡಬೇಕೆಂಬ ಆಸೆಯೂ ಇತ್ತು.

ಅಂಗಳದ ಕುರ್ಚಿಯಲ್ಲಿ ಕುಳಿತು ಒಂದೇ ಬೆರಳಿನಲ್ಲಿ ಪ್ರಶ್ನೆ ಬರೆದರು: 'ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿರುವುದರಿಂದ ಸಂಜೆ ಆರರ ನಂತರ ಓಣಿಯ ಮಗ್ಗಗಳನ್ನು ನಿಲ್ಲಿಸಬೇಕೆ?' ಕೆಳಗೆ ಎರಡು ಉತ್ತರ, 'ಹೌದು', 'ಬೇಡ'. ಎಷ್ಟು ದಿನ ತೆರೆದಿರಬೇಕು ಎಂದು ಕೇಳಿತು, ಏಳು ಎಂದು ಕೊಟ್ಟರು. ಹಾಕಿದ ಮತವನ್ನು ಬದಲಿಸಲು ಬಿಡಬೇಕೆ ಎಂದು ಕೇಳಿತು. ಒಮ್ಮೆ ಎತ್ತಿದ ಕೈ ಇಳಿಸುವ ಹುಡುಗರನ್ನು ಅವರು ಎಂದೂ ಸಹಿಸಿದವರಲ್ಲ. ಅದರ ಮುಂದಿದ್ದ ಸರಿ ಗುರುತನ್ನು ತೆಗೆದುಹಾಕಿದರು. ಕಾಗುಣಿತವನ್ನು ಮೂರು ಸಲ ನೋಡಿ ಗುಂಡಿ ಒತ್ತಿದರು.

ಸಂಜೆಯ ಹೊತ್ತಿಗೆ ನಲವತ್ತು ಮತ ಬಿದ್ದಿದ್ದವು. ಮಾಸ್ತರರು ಚಹಾ ಕುಡಿಯುತ್ತ ಕಾಶಿಬಾಯಿಗೆ ತೋರಿಸಿದರು. ಮರುದಿನ ನೂರಾಮೂವತ್ತು. ಮೂರನೆಯ ದಿನ ಇನ್ನೂರು ದಾಟಿತು, ಕೆಳಗೆ ಮಾತುಗಳೂ ಬೆಳೆಯತೊಡಗಿದವು. 'ಪರೀಕ್ಷೆಗಷ್ಟೇ ಏಕೆ? ವರ್ಷಪೂರ್ತಿ ನಿಲ್ಲಿಸಲಿ' ಎಂದು ಪುಣೆಯವನೊಬ್ಬ ಬರೆದಿದ್ದ. 'ಹಬ್ಬಕ್ಕೆ ಊರಿಗೆ ಬಂದರೆ ತಲೆ ಚಿಟ್ಟು ಹಿಡಿಯುತ್ತದೆ' ಎಂದು ಇನ್ನೊಬ್ಬ. ಅದಕ್ಕೆ ಮೆಚ್ಚುಗೆಯ ಮೇಲೆ ಮೆಚ್ಚುಗೆ.

ಮಾಸ್ತರರು ಆಗ ತಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ಮಗ್ಗ ಏಕೆ ನಿಲ್ಲಬೇಕು ಎಂಬುದು ಅಲ್ಲಿತ್ತು. ಎಲ್ಲಿಯವರೆಗೆ ಎಂಬುದು ಇರಲಿಲ್ಲ. ಮೂವತ್ತನಾಲ್ಕು ವರ್ಷ ವಾಕ್ಯರಚನೆ ಕಲಿಸಿದ ಮನುಷ್ಯ. ತಿದ್ದಲು ಹೋದರು. ಮತ ಬಿದ್ದ ಮೇಲೆ ಪ್ರಶ್ನೆಯನ್ನು ಬದಲಿಸಲಾಗದು ಎಂದು ಫೋನು ಹೇಳಿತು. ಚಪ್ಪಲಿ ಮೆಟ್ಟಿಕೊಂಡು ನೇರ ಜಿನೇಂದ್ರನ ಅಂಗಡಿಗೆ ನಡೆದರು.

"ತಗದ ಹಾಕಪ್ಪಾ ಅದನ್ನ. ನಂದ ತಪ್ಪಾಗೈತಿ."

ಜಿನೇಂದ್ರ ಪರದೆ ನೋಡಿ ತಲೆ ಕೆರೆದುಕೊಂಡ. "ಸರ, ಮೊದಲನೇ ದಿನ ಹೇಳಿದ್ರ ತಗೀತಿದ್ದೆ. ಈಗ ಎರಡ ನೂರ ಮಂದಿ ಮತ ಹಾಕ್ಯಾರ. ತಗದ್ರ ನನ್ನ ಬೈತಾರ್ರಿ. ಕಾಸಿಮಸಾಬ ಸರಗ ಚಹಾ ಕುಡಿಸ್ಯಾನ ಅಂತ ನಿಮಗೂ ಅಂತಾರ."

"ಪರೀಕ್ಷಾ ಮುಗಿಯೂತನಕ ಅಷ್ಟ ಅಂತ ಕೆಳಗ ಬರದ್ರ?"

"ಬರೀರಿ. ಯಾರ ಓದ್ತಾರ?"

ಬರೆದರು. ಎರಡು ನಿಮಿಷದಲ್ಲಿ ಅದು ಬೇರೆ ಮಾತುಗಳ ಕೆಳಗೆ ಮುಳುಗಿ ಹೋಯಿತು.

ಅಂಗಡಿಯಲ್ಲೇ ಕುಳಿತು ಮತ ಹಾಕಿದವರ ಹೆಸರುಗಳನ್ನು ನೋಡಿದಾಗ ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಹನ್ನೊಂದು ಮಗ್ಗದ ಮನೆಗಳ ಒಬ್ಬರ ಹೆಸರೂ ಅಲ್ಲಿರಲಿಲ್ಲ. ಅವರು ಸದಸ್ಯರೇ ಆಗಿರಲಿಲ್ಲ.

ಐದನೆಯ ದಿನ ಭಾನುವಾರ. ಅವರನ್ನೂ ಸದಸ್ಯರಾಗಿಸಿ ಮತ ಹಾಕಿಸಲು ಮಾಸ್ತರರು ಫೋನು ಹಿಡಿದು ಆ ಮನೆಗಳಿಗೆ ಹೊರಟರು. ಮೊದಲ ಮನೆಯ ಮಾಯಪ್ಪನ ಫೋನಿಗೆ ಬಂದ ಓಟಿಪಿ ಅಂಕಿಯನ್ನು ತುಂಬುವಷ್ಟರಲ್ಲಿ ಹೊತ್ತು ಮೀರಿತು. ಮತ್ತೆ ತರಿಸಿದರು, ಮತ್ತೆ ಮೀರಿತು. ಆಚೆ ಮನೆಯ ಹೊಳೆವ್ವ ಗುಂಡಿಯ ಫೋನು ತಂದು ಕೊಟ್ಟು, "ಇದರಾಗ ಬರತೈತೇನ್ರಿ ಮಾಸ್ತರ?" ಎಂದಳು. ಮತ್ತೊಂದು ಮನೆಯಲ್ಲಿ ಮಗ್ಗ ಬಿಟ್ಟು ಬರಲು ಆಗುವುದಿಲ್ಲವೆಂದು ಒಳಗಿನಿಂದಲೇ ಕೂಗಿದರು. ಇಡೀ ದಿನ ತಿರುಗಿದ್ದಕ್ಕೆ ನಾಲ್ಕು ಜನ ಸದಸ್ಯರಾದರು. ಕಾಸಿಮಸಾಬನ ಮನೆಯೊಳಗೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಬಾಗಿಲವರೆಗೆ ಹೋಗಿ ಮರಳಿದರು.

ಆ ಸಂಜೆ ಅಕ್ಕುತಾಯಿ ಬಂದು ನಿಂತಳು. "ನಾ ಇಷ್ಟ ದೊಡ್ಡದ ಆಗಲಿ ಅಂದಿದ್ದಿಲ್ರಿ. ನನ್ನ ಮತಾ ವಾಪಸ ತಗೋತೇನಿ, ಹೆಂಗ ತಗೀಬೇಕ ತೋರಿಸ್ರಿ" ಎಂದು ಫೋನು ಮುಂದೆ ಹಿಡಿದಳು.

"ಬರೂದಿಲ್ಲ ಅಕ್ಕುತಾಯಿ. ಬರಬಾರದಂತ ನಾನ ಮಾಡೇನಿ" ಎಂದರು ಮಾಸ್ತರರು.

ಏಳನೆಯ ದಿನ ಪೋಲ್ ತಾನಾಗಿಯೇ ಮುಚ್ಚಿಕೊಂಡಿತು. ಹೌದು ಎಂದವರು ಇನ್ನೂರ ಎಂಬತ್ತಾರು, ಬೇಡ ಎಂದವರು ಅರವತ್ತೊಂದು. ಯಾರೋ ಅದನ್ನು ಕಾಗದದ ಮೇಲೆ ತೆಗೆಸಿ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದರು. ಮರುದಿನ ಓಣಿಯ ಹಿರಿಯರು ಕೂಡಿದರು. ಮಾಸ್ತರರು ಎದ್ದು ನಿಂತು, ತಮ್ಮ ಮನಸ್ಸಿನಲ್ಲಿದ್ದದ್ದು ಪರೀಕ್ಷೆಯ ತಿಂಗಳು ಮಾತ್ರ ಎಂದರು. ಹಿರಿಯರಲ್ಲಿ ಒಬ್ಬರಾದ, ಮಾಸ್ತರರ ಮೊದಲ ವರ್ಷಗಳ ವಿದ್ಯಾರ್ಥಿ ಲಗಮಪ್ಪ ನಕ್ಕುಬಿಟ್ಟರು. "ಮಾಸ್ತರ, ಎಣಿಸಿದ ಮ್ಯಾಲೆ ಮಾರಿ ಗಂಟ ಹಾಕಬಾರದಂತ ನೀವ ಕಲಿಸೀರಲ್ಲ ನಮಗ." ಸುತ್ತಲಿದ್ದವರೂ ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಅವರೆಲ್ಲ ಮಾಸ್ತರರು ಹೇಳಿದಂತೆಯೇ ನಡೆಯುತ್ತಿದ್ದೇವೆ ಎಂದುಕೊಂಡಿದ್ದರು.

ಹಿರಿಯರು ಹನ್ನೊಂದೂ ಮನೆಗಳಿಗೆ ಹೇಳಿ ಕಳಿಸಿದರು. ಅಂದು ಆರಕ್ಕೆ ಮಗ್ಗಗಳು ನಿಂತವು. ಕಾಸಿಮಸಾಬ ಕೈ ಒರೆಸಿಕೊಳ್ಳುತ್ತ ಮಾಸ್ತರರ ಅಂಗಳಕ್ಕೆ ಬಂದ. ಮಗ್ಗದ ನಡುವೆ ಬೆಳೆದವನು, ಕಿವಿ ಮಂದ, ಮಾತು ಯಾವಾಗಲೂ ಜೋರು. ಅಂದು ಮಾತ್ರ ಮೆಲ್ಲಗೆ ಆಡಿದ.

"ಗ್ವಾಡಿ ಆಚೀಗೆ ಇದ್ದೆನಲ್ರಿ ಮಾಸ್ತರ. ಹುಡುಗಿ ಓದಾಕತ್ತಾಳ, ಬಂದ ಇಡೋ ಕಾಸಿಮಾ ಅಂದಿದ್ರ ಇಡತಿದ್ದಿಲ್ಲೇನ್ರಿ? ನಮ್ಮ ಮೂರೂ ಮಕ್ಕಳು ನಿಮ್ಮ ಕೈಯಾಗ ಕಲತ ಹೊರಗ ದುಡ್ಯಾಕ ಹೋಗ್ಯಾವು."

ಮಾಸ್ತರರು ಪ್ರಶ್ನೆಯ ವಾಕ್ಯದ ಬಗ್ಗೆ, ತಿದ್ದಲು ಬಾರದ ಬಗ್ಗೆ ಏನೇನೋ ಹೇಳಿದರು. ಕಾಸಿಮಸಾಬ ತಲೆಯಾಡಿಸುತ್ತ ಕೇಳಿದ. ಅರ್ಥವಾಯಿತೋ, ಕೇಳಿಸಿತೋ, ಮಾಸ್ತರರಿಗೆ ತಿಳಿಯಲಿಲ್ಲ. ಕಾಶಿಬಾಯಿ ತಂದ ಚಹಾ ಕುಡಿದು ಎದ್ದು ಹೋದ. ಅವನು ಒಂದೆರಡು ಬೈದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು.

ದಿನಕ್ಕೆ ಮೂರು ತಾಸು ಹೋದವು. ಬಟ್ಟೆ ಮೊದಲ ಸಲ ಎರಡು ದಿನ ತಡವಾಯಿತು, ಮುಂದಿನ ಸಲ ನಾಲ್ಕು ದಿನ. ಇಚಲಕರಂಜಿಯ ಸಾವಕಾರ ಒಳ್ಳೆಯ ಮಾತಿನಲ್ಲೇ ನೂಲು ಕಳಿಸುವುದನ್ನು ನಿಲ್ಲಿಸಿದ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಅಕ್ಕುತಾಯಿಯ ಮಗಳು ಸೋದರಮಾವನ ಊರು ಶಿರಗುಪ್ಪಿಗೆ ರಜೆಗೆ ಹೋದಳು. ಮಗ್ಗಗಳು ಆರಕ್ಕೆ ನಿಲ್ಲುವುದು ಮಾತ್ರ ಹಾಗೆಯೇ ಉಳಿಯಿತು. ಆ ನಿಶ್ಶಬ್ದ ಜನರಿಗೆ ರೂಢಿಯಾಗಿತ್ತು, ಟಿವಿ ಚೆನ್ನಾಗಿ ಕೇಳಿಸುತ್ತಿತ್ತು.

ಮಾಸ್ತರರು ಇನ್ನೊಂದು ಪೋಲ್ ಹಾಕಿದರು. ಈ ಸಲ ವಾಕ್ಯವನ್ನು ಜಿನೇಂದ್ರನಿಗೂ ಕಾಶಿಬಾಯಿಗೂ ಓದಿ ಹೇಳಿ, ಎಲ್ಲಿಯೂ ಸಂದು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಹಾಕಿದರು. 'ಪರೀಕ್ಷೆ ಮುಗಿದಿರುವುದರಿಂದ ಮಗ್ಗಗಳು ಮೊದಲಿನಂತೆ ರಾತ್ರಿ ಒಂಬತ್ತರವರೆಗೆ ನಡೆಯಬಹುದೇ?' ಏಳು ದಿನದಲ್ಲಿ ಬಿದ್ದ ಮತ ಹತ್ತೊಂಬತ್ತು. ಅದೇ ವಾರ ಊರಿನ ಕ್ರಿಕೆಟ್ ಪಂದ್ಯದ ಮಾತು ಎದ್ದಿತ್ತು. ಲಗಮಪ್ಪ, "ಹತ್ತೊಂಬತ್ತ ಮಂದಿ ಅಂದ್ರ ಊರ ಆಕ್ಕೈತೇನ್ರಿ?" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು.

ಜೂನ್‌ನಲ್ಲಿ ಕಾಸಿಮಸಾಬ ನಾಲ್ಕರಲ್ಲಿ ಮೂರು ಮಗ್ಗಗಳನ್ನು ಮಾರಿದ. ಟೆಂಪೋಗೆ ಏರಿಸುವಾಗ ಮಾಸ್ತರರು ಹೊರಗೆ ಬಂದು ಕೈಹಚ್ಚಲು ಹೋದರು. ಎತ್ತುತ್ತಿದ್ದವರು, "ಸರೀರಿ ಮಾಸ್ತರ, ಕಾಲಮ್ಯಾಲ ಬಿದ್ದೀತು" ಎಂದು ಪಕ್ಕಕ್ಕೆ ನಿಲ್ಲಿಸಿದರು. ಮುಂದಿನ ವಾರದಿಂದ ಕಾಸಿಮಸಾಬ ದಿನಾ ಇಚಲಕರಂಜಿಗೆ, ಬೇರೆಯವರ ಮಗ್ಗ ನಡೆಸಲು ಹೋಗತೊಡಗಿದ. ಅಲ್ಲಿ ಅವನಿಗೆ ಸಿಕ್ಕದ್ದು ರಾತ್ರಿ ಎಂಟರವರೆಗಿನ ಪಾಳಿ.

ಜುಲೈ ತಿಂಗಳ ಒಂದು ಮುಂಜಾನೆ ಮಾಸ್ತರರು ಹಾಲು ತರಲು ಹೋದಾಗ ಅವನು ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದ. ತೊಡೆಯ ಮೇಲೆ ಊಟದ ಡಬ್ಬಿ. ಮಾಸ್ತರರು ಕಿಟಕಿಯ ಕೆಳಗೆ ನಿಂತರು. ತಪ್ಪಾಯಿತು ಎಂದು ಹೇಳಬೇಕೆಂದು ಐದು ತಿಂಗಳಿಂದ ಅಂದುಕೊಳ್ಳುತ್ತಿದ್ದರು.

"ಕಾಸಿಮಾ, ನಾ ನಿನಗ..."

ಕಂಡಕ್ಟರ್ ಸೀಟಿ ಊದಿದ. ಕಾಸಿಮಸಾಬನಿಗೆ ಏನೂ ಕೇಳಿಸಿರಲಿಲ್ಲ. ತಲೆ ಹೊರಗೆ ಹಾಕಿ ತನ್ನ ಎಂದಿನ ಜೋರು ದನಿಯಲ್ಲಿ, "ಮಾಸ್ತರ, ಸಂಜಿಮುಂದ ಮನ್ಯಾಗ ಚಮನಬಿ ಒಬ್ಬಾಕೀನ ಆಕ್ಕಾಳ. ಕಾಶಿಬಾಯಿಯವರಿಗೆ ಒಂದೀಟ ಬಂದ ಕೂಡ್ರಾಕ ಹೇಳ್ರಿ" ಎಂದ. ಬಸ್ಸು ಹೊರಟಿತು.

ಮಾಸ್ತರರು ಹಾಲು ತರುವುದನ್ನೂ ಮರೆತು ಬೇಗ ಬೇಗ ಮನೆಗೆ ಬಂದರು. ಇದೊಂದಾದರೂ ತಮ್ಮಿಂದ ಆಗುವ ಕೆಲಸ ಎನಿಸಿತ್ತು. ಕಾಶಿಬಾಯಿ ಅಂಗಳ ಗುಡಿಸುತ್ತಿದ್ದಳು. ಹೇಳಿದರು.

"ನಾ ಹೋಗಾಕತ್ತ ಮೂರ ವಾರ ಆತು" ಎಂದು ಅವಳು ಕಸಬರಿಗೆ ನಿಲ್ಲಿಸದೆ ಹೇಳಿದಳು. "ಹಾಲ ಎಲ್ಲಿ?"