ಚಿಲಕ ಹಾಕಿದ ಅರ್ಧ ಗಂಟೆ

ದೇವರಿಗೆ ಟೈಮ್ ಕೊಡಿ, ದೇವರಿಗೆ ಟೈಮ್ ಕೊಡಿ ಎಂದು ಪ್ರತಿ ಭಾನುವಾರ ಚರ್ಚಿನಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಕೊಡೋಣ, ಬೇಡ ಅಂದವರಾರು? ಆದರೆ ಎಲ್ಲಿಂದ ಕಿತ್ತು ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ನಾನು ಸರ್ಕಾರಿ ನರ್ಸಮ್ಮ. ಮನೆ ಆಂಧ್ರದ ಆದೋನಿಯಲ್ಲಿ, ಬೆಟ್ಟದ ಬುಡದ ಓಣಿಯಲ್ಲಿ. ಡ್ಯೂಟಿ ಪೆದ್ದಕಡುಬೂರಿನ ಕಡೆಯ ಹಳ್ಳಿಗಳಲ್ಲಿ. ಬೆಳಗಾಗುವ ಮುಂಚೆ ಎದ್ದು ಅನ್ನ, ಪಲ್ಯ, ಎರಡು ಡಬ್ಬಿ, ಅತ್ತೆಯ ಸಕ್ಕರೆ ಕಾಯಿಲೆಗೆ ಸೂಜಿ, ಆಮೇಲೆ ಬಸ್ಸಿನ ಹಿಂದೆ ಓಟ. ಹಳ್ಳಿಯಲ್ಲಿ ಕೂಸುಗಳಿಗೆ ಲಸಿಕೆ, ಬಸುರಿಯರಿಗೆ ಬಿಪಿ. ಮಾಡಿದರಷ್ಟೇ ಸಾಲದು, ಮಾಡಿದ್ದಕ್ಕೆಲ್ಲ ಫೋನಿನಲ್ಲಿ ಫೋಟೋ ಬೇಕು. ಸಿಗ್ನಲ್ ಸಿಗದಿದ್ದರೆ ಬಸುರಿಯನ್ನು ನಡೆಸಿಕೊಂಡು ಶಾಲೆಯ ಕಟ್ಟೆ ಹತ್ತಬೇಕು. ಸಂಜೆ ಮನೆಗೆ ಬಂದರೆ ಮತ್ತೆ ಒಲೆ. ನನ್ನ ಕೆಲಸದ ಪಟ್ಟಿ ಹನುಮಪ್ಪನ ಬಾಲ, ಎಳೆದಷ್ಟೂ ಬರುತ್ತಿತ್ತು.

ಇಷ್ಟು ಸಾಲದೆಂಬಂತೆ ಚರ್ಚಿನ ಕೆಲಸ ಬೇರೆ. ಸ್ತ್ರೀ ಸಮಾಜದ ಕಾರ್ಯದರ್ಶಿ ನಾನೇ. ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಹಾಡಿನ ಪ್ರಾಕ್ಟೀಸು, ನಡುವೆ ಯಾರದಾದರೂ ಮನೆಯಲ್ಲಿ ಕೂಟ. ಉಪವಾಸದ ದಿನ ನಾನೂ ಎಲ್ಲರಂತೆ ಕಣ್ಣು ಮುಚ್ಚುತ್ತಿದ್ದೆ, ಸುಳ್ಳಲ್ಲ. ಆದರೆ ಮುಚ್ಚಿದ ಕಣ್ಣೊಳಗೆ ದೇವರಿರಲಿಲ್ಲ, ಟೀ ಇತ್ತು. ಹಾಲು ಸಾಕಾಗುತ್ತದೋ ಇಲ್ಲವೋ, ಬಿಸ್ಕತ್ತು ತರಲು ಯಾರಿಗೆ ಹೇಳಿದ್ದೆ, ಲೋಟ ತೊಳೆದಿದ್ದಾರೋ. ನಮ್ಮ ಪಾದ್ರಿ ಅಯ್ಯಗಾರು ತೆಲುಗಿನಲ್ಲಿ ಉದ್ದಕ್ಕೆ ಪ್ರಾರ್ಥಿಸುತ್ತಿದ್ದರೆ ನಾನು ಆಮೆನ್ ಎಂದು ಎದ್ದು ಅಡುಗೆಮನೆಗೆ ಓಡಲು ಕಾಲು ಮಡಚಿ ತಯಾರಾಗಿರುತ್ತಿದ್ದೆ.

ಬಸ್ಸಿನಲ್ಲಿ ಪ್ರಾರ್ಥಿಸು ಎಂದು ಕೆಲವರು ಬುದ್ಧಿ ಹೇಳಿದರು. ಅದನ್ನೂ ನೋಡಿದ್ದಾಯಿತು. ಕಣ್ಣು ಮುಚ್ಚಿದ ಕೂಡಲೇ ಪಕ್ಕದವಳು ಮೊಣಕೈಯಿಂದ ತಿವಿದು, "ನರ್ಸಮ್ಮ, ನಿದ್ದಿ ಬಂತೇನ್ರಿ? ನಮ್ಮ ಸೊಸಿಗೆ ಮೂರು ದಿನದಿಂದ ವಾಂತಿ ಆಗಾಕತ್ತಾವ, ಒಂದೀಟು ಹೇಳ್ರಿ" ಅನ್ನುತ್ತಿದ್ದಳು. ಆಕೆಗೆ ಹೇಳಬೇಕೋ, ಪರಲೋಕದ ತಂದೆಗೆ ಹೇಳಬೇಕೋ?

ಹೀಗೇ ನಡೆದಿತ್ತು. ಒಂದು ದಿನ ಊಟಕ್ಕೆ ಕೂತಾಗ ಪ್ರಾರ್ಥನೆಯ ಸರದಿ ನನ್ನದು. ಸ್ವಾಮಿ, ಈ ಅನ್ನಕ್ಕಾಗಿ ಸ್ತೋತ್ರ ಎಂದು ಶುರು ಮಾಡಿದೆ. ಮುಗಿಸುವಾಗ ನನ್ನ ಬಾಯಿಂದ ಬಂದದ್ದು, "ಮುಂದಿನ ತಿಂಗಳು ತಪ್ಪದ ಬರ್ರಿ." ದಿನವಿಡೀ ತಾಯಂದಿರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು. ಗಂಡ ಅನ್ನ ನೆತ್ತಿಗೇರುವ ಹಾಗೆ ನಕ್ಕ. ಅತ್ತೆಯೂ ನಕ್ಕಳು. ನನಗೆ ನಗು ಬರಲಿಲ್ಲ. ದೇವರನ್ನು ಮುಂದಿನ ತಿಂಗಳಿಗೆ ದೂಡಿದ್ದೆ ನಾನು, ನಿಜವಾಗಿಯೂ ದೂಡಿದ್ದೆ. ಚಿಕ್ಕಂದಿನಿಂದ ಯಾರ ಜೊತೆ ಮಾತಾಡಿಕೊಂಡು ಬೆಳೆದೆನೋ ಆತನಿಗೇ ಲಸಿಕೆಯ ತಾರೀಖು ಹೇಳಿದ ಹಾಗೆ ಹೇಳಿದ್ದೆ. ಹೀಗೇ ಬಿಟ್ಟರೆ ಆತನ ಜೊತೆ ಮಾತಾಡುವುದೇ ಮರೆತುಹೋಗುತ್ತದೆ ಎಂದು ಹೆದರಿಕೆಯಾಯಿತು.

ಮರುದಿನವೇ ಹೇಳಿಬಿಟ್ಟೆ. ಡ್ಯೂಟಿಯಿಂದ ಬಂದು ಕೈಕಾಲು ತೊಳೆದ ಮೇಲೆ ಅರ್ಧ ಗಂಟೆ ನನ್ನದು. ನಮ್ಮ ಮನೆಯಲ್ಲಿ ಹಾಸಿಗೆ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ಇಡುವ ಚಿಕ್ಕ ಕೋಣೆಯೊಂದಿದೆ. ಅಲ್ಲಿ ಕೂರುತ್ತೇನೆ, ಚಿಲಕ ಹಾಕುತ್ತೇನೆ, ಯಾರೂ ಕರೆಯಬಾರದು.

"ಚಿಲಕಾ?" ಅಂದಳು ಅತ್ತೆ, ಬೈಗುಳ ಕೇಳಿದವಳ ಹಾಗೆ. "ನಾವೂ ಕ್ರಿಸ್ತನವರ. ನಾವೇನು ಚಿಲಕ ಹಾಕಿದ್ವೇನು? ಊರಿಗೇ ಒಂದು ದಾರಿ ಆದ್ರ ಎಡವಟ್ಟಂಗೇ ಒಂದು ದಾರಿ."

ಗಂಡ ಹತ್ತಿ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಗುಮಾಸ್ತ. ನನಗಿಂತ ಮುಂಚೆ ಮನೆಗೆ ಬಂದು ಮಂಚದ ಮೇಲೆ ಫೋನು ಹಿಡಿದು ಮಲಗಿರುತ್ತಾನೆ. "ಕೂಡು, ಬ್ಯಾಡಂದವ್ರು ಯಾರು?" ಅಂದ. "ಟೀ ಮಾಡಿಟ್ಟು ಕೂಡು."

ಟೀ ಮಾಡಿಡದೆಯೇ ಕೂತೆ.

ಅಬ್ಬಬ್ಬಾ, ಆ ಬಾಗಿಲ ಮೇಲೆ ಎಷ್ಟು ಕೈ! ಚಾರ್ಜರ್ ಎಲ್ಲಿ ಎಂದೊಮ್ಮೆ, ಮೊಸರು ಹುಳಿಯಾಗಿದೆ ಎಂದೊಮ್ಮೆ. ಪಕ್ಕದ ಮನೆಯ ಗೆಳತಿಯಂತೂ ಕಿಟಕಿಗೇ ಬಂದು, "ಏನವ್ವಾ, ಒಳಗ ಬಂಗಾರ ಹೂತಿಟ್ಟೀಯೇನು?" ಎಂದು ಚುಡಾಯಿಸಿದಳು. ಆಕೆ ಗುರುವಾರ ಗುರುವಾರ ಮಂತ್ರಾಲಯಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು, ಅವಳ ಮನೆಯವರು ಒಂದು ಮಾತು ಆಡುವುದಿಲ್ಲ. ಬಸ್ಸು ಹತ್ತಿ ಹೋದರೆ ಅದು ದೇವರು. ಸ್ವಂತ ಮನೆಯಲ್ಲಿ ಅಕ್ಕಿ ಚೀಲದ ಮೇಲೆ ಕೂತರೆ ಅದು ಸೋಮಾರಿತನ. ಇದ್ಯಾವ ನ್ಯಾಯ?

ಅಯ್ಯಗಾರು ಫೋನು ಮಾಡಿದ್ದೂ ಅದೇ ಹೊತ್ತಿಗೆ. ನಾನು ಎತ್ತಲಿಲ್ಲ. ಆಮೇಲೆ ನಾನೇ ಮಾಡಿದರೆ, "ವಂದನಾಲಮ್ಮಾ, ಶುಕ್ರವಾರದ ಟೀ" ಎಂದು ಎಂದಿನಂತೆ ಶುರು ಮಾಡಿದರು. ಕಾರ್ಯದರ್ಶಿ ಕೆಲಸ ಬಿಡುತ್ತೇನೆ, ಟೀ ಬೇರೆಯವರು ನೋಡಲಿ ಎಂದೆ. ದೇವರ ಕೆಲಸ ಬಿಡಬಾರದಮ್ಮಾ ಎಂದರು. "ಅಯ್ಯಗಾರೂ, ದೇವರ ಕೆಲಸದಾಗ ದೇವರೇ ಸಿಗವಲ್ಲ" ಎಂದೆ. ಅವರಿಗೆ ಬೇಸರವಾಯಿತು. ಆ ಭಾನುವಾರ ಅವರು ಅಕ್ಕ ತಂಗಿಯರ ಕಥೆ ತೆಗೆದರು. ಯೇಸುಸ್ವಾಮಿ ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬೇಯುತ್ತಿದ್ದಳು, ತಂಗಿ ಪಾದದ ಹತ್ತಿರ ಸುಮ್ಮನೆ ಕೂತಿದ್ದಳು, ತಂಗಿಯೇ ಒಳ್ಳೆಯದನ್ನು ಆರಿಸಿಕೊಂಡಳು ಎಂದರು. ಎಲ್ಲರೂ ತಲೆದೂಗಿದರು. ಆರಾಧನೆ ಮುಗಿದ ಮೇಲೆ ನನ್ನನ್ನು ಕರೆದು, ಈ ಸಲವೊಂದು ಟೀ ನೋಡಿಕೊಳ್ಳಮ್ಮಾ ಎಂದರು. ನಿಮ್ಮ ಕಥೆಯ ತಂಗಿ ಟೀ ಮಾಡುವುದಿಲ್ಲ ಎಂದು ಹೇಳಿ ಮನೆಗೆ ಬಂದೆ.

ಇದೆಲ್ಲ ಸಣ್ಣದು. ದೊಡ್ಡದು ನೀರು.

ಬೇಸಿಗೆಯಲ್ಲಿ ನಮ್ಮ ಓಣಿಗೆ ನಳದ ನೀರು ಯಾವ ದಿನ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಗೊತ್ತು ಅನ್ನುವವನು ಸುಳ್ಳ. ಬಂತೆಂದರೆ ಮಾತ್ರ ಓಣಿಯೇ ಎದ್ದು ನಿಲ್ಲುತ್ತದೆ. ಮದುವೆಯಲ್ಲಿ ಅಕ್ಷತೆ ಕೈಯಲ್ಲಿ ಹಿಡಿದವರೂ ಎಸೆದು ಓಡುತ್ತಾರೆ. ಓಡುವವರು ಹೆಂಗಸರು, ಅದನ್ನು ಹೇಳಲೇಬೇಕಾಗಿಲ್ಲ. ನಮ್ಮಲ್ಲಿ ಗಂಡಸು ಲಾರಿ ಓಡಿಸುತ್ತಾನೆ, ಹತ್ತಿ ಮೂಟೆ ಎತ್ತುತ್ತಾನೆ, ಆದರೆ ನಳದ ಮುಂದೆ ಕೊಡ ಹಿಡಿದು ನಿಂತರೆ ಅವನ ಮೀಸೆ ಉದುರಿಬೀಳುತ್ತದೆ.

ಆ ಸಲ ನೀರು ಬಂದು ಬಹಳ ದಿನವಾಗಿತ್ತು. ಡ್ರಮ್ಮಿನ ತಳ ಕಾಣುತ್ತಿತ್ತು. ನಾನು ಚಿಲಕ ಹಾಕಿ ಕೂತು ಇನ್ನೂ ಸ್ವಾಮಿ ಎಂದಿದ್ದೆನೋ ಇಲ್ಲವೋ, ಹೊರಗೆ ನಳ ಬುಸುಗುಟ್ಟಿತು. ಓಣಿಯಲ್ಲಿ ಕೊಡಗಳ ಸದ್ದು. ಬಾಗಿಲ ಮೇಲೆ ಗಂಡನ ಕೈ.

"ಏಯ್, ನೀರು ಬಂದಾವ!"

ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ.

"ಕೇಳ್ತೋ ಇಲ್ಲೋ? ನೀರು ಬಂದಾವ, ಬಾ ಹೊರಗ!"

"ಬಂದಿದ್ರ ತುಂಬ್ರಿ," ಅಂದೆ.

"ಯಾರು? ನಾನಾ?"

"ಕೊಡಕ್ಕೇನು ಕಣ್ಣು ಅದಾವೇನ್ರಿ? ಯಾರು ಹಿಡಿದ್ರೂ ತುಂಬ್ತೈತಿ."

ಆಗ ಅತ್ತೆ ಬಂದಳು. ಕೋಲಿನಿಂದಲೇ ಬಾಗಿಲು ಕುಟ್ಟಿದಳು. "ಲೇ ಸೊಸಿ, ದೇವರು ಎಲ್ಲಿ ಓಡಿ ಹೋಗ್ತಾನ? ನೀರು ಹೋಗ್ತಾವ!"

ಆ ಮಾತು ನನ್ನನ್ನು ಎಬ್ಬಿಸಬೇಕಿತ್ತು, ಆದರೆ ಕೂರಿಸಿತು. ಹೌದಲ್ಲ, ಇದೇ ಅಲ್ಲವೇ ನಡೆದದ್ದು? ಬಸ್ಸು ಹೋಗಿಬಿಡುತ್ತದೆ, ಮೊದಲು ಬಸ್ಸು. ಸಿಗ್ನಲ್ ಹೋಗಿಬಿಡುತ್ತದೆ, ಮೊದಲು ಫೋಟೋ. ಹಾಲು ಒಡೆದುಹೋಗುತ್ತದೆ, ಮೊದಲು ಟೀ. ದೇವರೊಬ್ಬ ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ಆತನೊಬ್ಬನೇ ಸಾಲಿನ ಕೊನೆಗೆ. ಬಿಟ್ಟುಹೋಗದೆ ಇದ್ದದ್ದಕ್ಕೆ ಆತನಿಗೆ ಇದೇನಾ ಮರ್ಯಾದೆ? ನನಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಏಳುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದು ಗಟ್ಟಿಯಾಗಿ ಕೂತೆ.

ಚೆನ್ನಾಗಿ ಪ್ರಾರ್ಥಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಿವಿ ಹೊರಗೇ ಇತ್ತು. ಬಕೆಟ್ಟು ಉರುಳಿತು. ಗಂಡ ಯಾರನ್ನೋ ಬೈದ. ಪಕ್ಕದ ಮನೆಯವಳು, "ಏನಣ್ಣಾ, ಇವತ್ತು ನೀನಾ? ಸೀರಿ ಕೊಡ್ಲೇನು ಉಟಗಳ್ಳಾಕ?" ಎಂದಳು, ಓಣಿಯೆಲ್ಲ ಗೊಳ್ಳೆಂದಿತು. ಪಾಪ ಅನ್ನಿಸಿತು. ಆದರೂ ಏಳಲಿಲ್ಲ. ಸ್ವಾಮಿ, ನೀನೇ ಏಳು ಅಂದರೆ ಏಳುತ್ತೇನೆ, ಇವರು ಅಂದರೆ ಏಳುವುದಿಲ್ಲ ಎಂದೆ. ಆತ ಏಳು ಅನ್ನಲಿಲ್ಲ.

ಅರ್ಧ ಗಂಟೆ ಮುಗಿಸಿ ಹೊರಗೆ ಬಂದೆ. ನಳ ನಿಂತಿತ್ತು. ಮನೆಯಲ್ಲಿದ್ದ ಕೊಡ, ಬಕೆಟ್ಟು, ಚೊಂಬು, ಕೊನೆಗೆ ಹಿಟ್ಟು ನಾದುವ ಪರಾತವೂ ತುಂಬಿತ್ತು. ಗಂಡ ಒದ್ದೆ ಲುಂಗಿಯಲ್ಲಿ ನಿಂತಿದ್ದ. ಕುಡಿಯುವ ಕೊಡಗಳಲ್ಲಿ ಬಗ್ಗಿ ನೋಡಿದರೆ ಕೆಂಪು ರಾಡಿ. ಮೊದಲು ಬರುವ ಕೆಂಪು ನೀರನ್ನು ಸ್ನಾನದ ಡ್ರಮ್ಮಿಗೆ ಬಿಟ್ಟು, ತಿಳಿಯಾದ ಮೇಲೆ ಕೊಡ ಹಿಡಿಯಬೇಕು. ಓಣಿಯಲ್ಲಿ ಲಂಗ ಹಾಕುವ ಹುಡುಗಿಗೂ ಅದು ಗೊತ್ತು. ಈ ಮಹಾರಾಯ ರಾಡಿಯನ್ನು ಕುಡಿಯಲಿಕ್ಕೆ ಹಿಡಿದು, ತಿಳಿನೀರನ್ನು ಸ್ನಾನಕ್ಕೆ ತುಂಬಿಟ್ಟಿದ್ದ.

"ಸಮಾಧಾನ ಆತೇನು ನಿನಗ?" ಅಂದ.

"ಮುಂದಿನ ಸಲ ಮೊದಲಿನ ನೀರು ಡ್ರಮ್ಮಿಗೆ ಬಿಡ್ರಿ," ಅಂದೆ.

"ಮುಂದಿನ ಸಲಾನಾ!"

"ಹೂಂ, ಮುಂದಿನ ಸಲ."

ಡ್ರಮ್ಮಿನ ನೀರನ್ನೇ ಸೋಸಿ, ಕಾಯಿಸಿ ಕುಡಿದೆವು, ರಾಡಿಯಲ್ಲಿ ಸ್ನಾನ ಮಾಡಿದೆವು. ಯಾರೂ ಸಾಯಲಿಲ್ಲ. ಗಂಡ ಮುಖ ತಿರುಗಿಸಿಕೊಂಡು ಉಣ್ಣುತ್ತಿದ್ದ, ಉಣ್ಣಲಿ ಬಿಡು ಎಂದು ಬಡಿಸುತ್ತಿದ್ದೆ. ಅತ್ತೆ ಮಾತ್ರ ಬೈಯುವುದನ್ನು ನಿಲ್ಲಿಸಿದ್ದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಆ ವಾರವೇ ಒಂದು ಸಂಜೆ ಚಿಲಕ ಹಾಕಿ ಕೂತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು, ಮೆಲ್ಲಗೆ. ಇವತ್ತು ಜಗಳವಾದರೆ ಆಗಲಿ ಎಂದು ಸೆರಗು ಸಿಕ್ಕಿಸಿಕೊಂಡೇ ತೆರೆದೆ. ಅತ್ತೆ ಕೋಲೂರಿಕೊಂಡು ನಿಂತಿದ್ದಳು.

"ಒಂದೀಟು ಸರಿ," ಅಂದಳು.

"ಏನು ಬೇಕಿತ್ತು ಅತ್ತಿ?"

"ಏನೂ ಬ್ಯಾಡ. ನಾನೂ ಆತನ ಕೂಡ ಮಾತಾಡಿ ಭಾಳ ದಿನ ಆತು. ಮೊದಲ ನಿಮ್ಮ ಮಾವ, ಆಮ್ಯಾಲ ಮಕ್ಕಳು, ಆಮ್ಯಾಲ ಈ ನೀರು. ಕುಂದ್ರಾಕ ಎಲ್ಲಿ ಬಿಟ್ರು?"

ಅಕ್ಕಿ ಚೀಲವನ್ನು ಆಕೆಗೆ ಬಿಟ್ಟು ನಾನು ನೆಲಕ್ಕೆ ಕೂತೆ. ಆಕೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಳ್ಳತೊಡಗಿದಳು. ಅಷ್ಟರಲ್ಲಿ, ಅಂದು ಮಾರ್ಕೆಟ್ಟಿನಿಂದ ತಡವಾಗಿ ಬಂದ ಗಂಡ ಚಪ್ಪಲಿ ಬಿಡುತ್ತಲೇ ಕೂಗಿದ, "ಯಾರರ ಅದೀರೇನು ಮನ್ಯಾಗ? ಟೀ ಮಾಡ್ರಿ!"

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಕೂಗಿದಳು, "ಯಾರೂ ಇಲ್ಲ! ಮಾಡಿಕೊಂಡು ಕುಡಿ!"

ಆಮೇಲೆ, ಮುಚ್ಚಿದ ಕಣ್ಣು ತೆರೆಯದೆ, ದನಿ ಇಳಿಸಿ ಅಂದಳು, "ಹೂಂ ಸ್ವಾಮಿ, ಎಲ್ಲಿತನಕ ಹೇಳಿದ್ದೆ ನಾನು?"