ಅರವತ್ತು ಹರ್ಟ್ಸ್ ಸಾಕು ಅಂದವರು

ಮದುವೆ ವಿಡಿಯೊ ಎಡಿಟ್ ಮಾಡೋದು ನನ್ನ ಕೆಲಸ, ಬಿಡುವಾದಾಗ ಕ್ರಿಕೆಟ್ ಗೇಮ್ ಆಡ್ತೀನಿ. ಇಷ್ಟು ಹೇಳಿ ಹೊಸ ಮಾನಿಟರ್ ಕೇಳಿದ್ದಕ್ಕೆ ಆರ್.ಟಿ. ನಗರದ ಅಂಗಡಿಯ ಸಲೀಂ ಭಾಯ್, "ಪರದೆ ಸೆಕೆಂಡಿಗೆ ಅರವತ್ತು ಸಲ ಬದಲಾದ್ರೆ ನಿಮಗೆ ಧಾರಾಳ ಸಾರ್. ನೂರನಲವತ್ತನಾಲ್ಕು ಹರ್ಟ್ಸ್ ಸುಮ್ನೆ ದಂಡ" ಅಂದರು.

ನನಗೆ ಅನುಮಾನ ಬಂತು. ದುಬಾರಿ ಮಾಲು ಬೇಡ ಅನ್ನೋ ವ್ಯಾಪಾರಿ ಎಲ್ಲಿರ್ತಾನೆ? ಹಳೇ ಸ್ಟಾಕ್ ದಾಟಿಸ್ತಿರಬೇಕು ಅಂದ್ಕೊಂಡು ಅವರು ಮುಂದಿಟ್ಟ ಮಾನಿಟರ್ ಡಬ್ಬದ ಸೀಲನ್ನ ತಿರುಗಿಸಿ ತಿರುಗಿಸಿ ನೋಡಿದೆ.

"ನಂಬಿಕೆ ಇಲ್ವಾ ಸಾರ್?"

"ಹಾಗೇನಿಲ್ಲ ಭಾಯ್" ಅಂದು ಎದ್ದು ಬಂದೆ.

ನೂರನಲವತ್ತನಾಲ್ಕಕ್ಕಿಂತ ಕಡಿಮೆ ತಗೊಂಡ್ರೆ ಕಣ್ಣೇ ಹೋಗುತ್ತೆ ಅಂತ ಎದುರು ಅಂಗಡಿಯವನು ಹೆದರಿಸಿದ. ಅವನ ಮೇಲೆ ತಕ್ಷಣ ನಂಬಿಕೆ ಬಂತು, ಕೊಂಡೆ.

ಮೌಸಿನ ಬಾಣ ಈಗ ನುಣ್ಣಗೆ ಜಾರುತ್ತೆ. ಸೆಕೆಂಡಿಗೆ ಇಪ್ಪತ್ತೈದೇ ಚಿತ್ರ ಇರೋ ನನ್ನ ವಿಡಿಯೊದಲ್ಲಿ ಮದುಮಗಳು ಮಾತ್ರ ಮಂಟಪಕ್ಕೆ ಮೊದಲಿನ ಹಾಗೇ ನಡೆದು ಬರ್ತಾಳೆ. ಆದರೂ ಸಲೀಂ ಭಾಯ್ ಯಾಕೆ ಹಾಗಂದ್ರು ಅನ್ನೋ ಅನುಮಾನ ಇನ್ನೂ ಹೋಗಿಲ್ಲ.